ವಾಟರ್ ಪಾರ್ಕ್‌ಗೆ ಮನೆಮಂದಿಯೆಲ್ಲ: ಅಮ್ಮನೂ ನೀರಿಗಿಳಿಯುವಂತೆ ತಯಾರಿ ಹೇಗೆ?

ಯಾವ ವಾಟರ್ ಪಾರ್ಕ್‌ಗೆ ಹೋದರೂ ಅಲೆ ಏಳುವ ವೇವ್ ಪೂಲ್ ಪಕ್ಕದ ನೆರಳಿನ ಕಡೆ ಒಮ್ಮೆ ನೋಡಿ. ಮಡಿಲಲ್ಲಿ ಮೂರ್ನಾಲ್ಕು ಮೊಬೈಲ್, ಎರಡು ಪರ್ಸ್, ಪಕ್ಕದಲ್ಲಿ ಒದ್ದೆ ಟವೆಲ್‌ಗಳ ರಾಶಿ ಇಟ್ಟುಕೊಂಡು ಹೆಂಗಸರು ಸಾಲಾಗಿ ಕೂತಿರುತ್ತಾರೆ. ಅವರೂ ಎಲ್ಲರಷ್ಟೇ ದುಡ್ಡು ಕೊಟ್ಟು ಒಳಗೆ ಬಂದವರು. ನೀರು ಇಷ್ಟವಿಲ್ಲವೆಂದು ಕೂತವರು ಅವರಲ್ಲಿ ಕಡಿಮೆ. ಹಾಕಿಕೊಳ್ಳಲು ಒಪ್ಪುವಂಥ ಬಟ್ಟೆ ಇಲ್ಲ, ಸಾಮಾನಿಡಲು ಲಾಕರ್ ತೆಗೆದುಕೊಂಡಿಲ್ಲ, ಚಿಕ್ಕ ಮಗುವನ್ನು ಹಿಡಿಯಲು ಇನ್ನೊಬ್ಬರಿಲ್ಲ. ಹೆಚ್ಚಾಗಿ ಈ ಮೂರೇ ಕಾರಣ. ಮೂರನ್ನೂ ಹದಿನೈದು ದಿನ ಮೊದಲೇ ಮನೆಯಲ್ಲಿ ಕೂತು ಸರಿಮಾಡಿಕೊಳ್ಳಬಹುದು. ಮನೆಯವರಲ್ಲಿ ಯಾರೂ ಸಾಮಾನು ಕಾಯುತ್ತಾ ದಿನ ಕಳೆಯಬಾರದು ಎಂಬ ಒಂದು ಹಟ ಇಟ್ಟುಕೊಂಡು ಮುಂದಿನದನ್ನೆಲ್ಲ ಬರೆದಿದ್ದೇನೆ.

ಮೊದಲು ಪಾರ್ಕ್, ಆಮೇಲೆ ದಿನ

ಬೆಂಗಳೂರಿನವರಿಗೆ ಥಟ್ಟನೆ ನೆನಪಾಗುವುದು ಮೈಸೂರು ರಸ್ತೆಯಲ್ಲಿ, ಬಿಡದಿ ಹತ್ತಿರದ ವಂಡರ್‌ಲಾ. 2005ರಲ್ಲಿ ಶುರುವಾದದ್ದು, ನಗರದ ಮಧ್ಯದಿಂದ ಸುಮಾರು 28 ಕಿಲೋಮೀಟರ್. ಮೈಸೂರಿನವರಿಗೆ ಕೆಆರ್‌ಎಸ್ ರಸ್ತೆಯ ಜಿಆರ್‌ಎಸ್ ಫ್ಯಾಂಟಸಿ ಪಾರ್ಕ್ ಇದೆ, ಮಂಗಳೂರು ಕಡೆಯವರಿಗೆ ಪಿಲಿಕುಳದ ಮಾನಸ ಇದೆ. ಮನೆಯಲ್ಲಿ ಹತ್ತು ವರ್ಷ ದಾಟಿದ ಮಕ್ಕಳಿದ್ದರೆ ದೊಡ್ಡ ಪಾರ್ಕ್ ಸರಿ. ಮಕ್ಕಳೆಲ್ಲ ಐದರೊಳಗಿನವರಾದರೆ ಚಿಕ್ಕ ಪಾರ್ಕೇ ಮೇಲು ಎನ್ನುವುದು ನನ್ನ ಅಭಿಪ್ರಾಯ. ದೊಡ್ಡ ಜಾಗದಲ್ಲಿ ಅರ್ಧ ದಿನ ನಡೆಯುವುದರಲ್ಲೇ ಹೋಗುತ್ತದೆ, ದೊಡ್ಡ ಸ್ಲೈಡ್‌ಗಳಿಗೆ ಕೊಟ್ಟ ಹಣ ಬಳಕೆಯಾಗುವುದೇ ಇಲ್ಲ.

ಈಗ ತಾಲ್ಲೂಕು ಕೇಂದ್ರಗಳ ಸುತ್ತ, ರೆಸಾರ್ಟ್‌ಗಳ ಒಳಗೆ ಸಣ್ಣಪುಟ್ಟ ವಾಟರ್ ಪಾರ್ಕ್‌ಗಳು ಬಂದಿವೆ. ಅಂಥಲ್ಲಿಗೆ ಹೋದಾಗ ದುಡ್ಡು ಕಟ್ಟುವ ಮೊದಲು ಐದು ನಿಮಿಷ ಸುಮ್ಮನೆ ನಿಂತು ನೋಡಿ. ಅತಿ ಆಳದ ಕಡೆಯೂ ಕೊಳದ ತಳ, ನೀರು ಹೊರಹೋಗುವ ತಳದ ಜಾಲರಿ ಸ್ಪಷ್ಟವಾಗಿ ಕಾಣಬೇಕು. ಜಾಲರಿ ಮುರಿದಿದ್ದರೆ ಅಥವಾ ನೀರು ಕಲಕಿ ತಳ ಕಾಣದಿದ್ದರೆ ವಾಪಸ್ ಬನ್ನಿ. ಮುಳುಗಿದ ಮಗುವೂ ಆ ನೀರಿನಲ್ಲಿ ಕಾಣುವುದಿಲ್ಲ. ಲೈಫ್‌ಗಾರ್ಡ್ ಇದ್ದಾರೆಯೇ, ಅವರ ಕಣ್ಣು ನೀರಿನ ಮೇಲಿದೆಯೇ ಮೊಬೈಲ್ ಮೇಲಿದೆಯೇ ಗಮನಿಸಿ. ಮಕ್ಕಳ ಅಳತೆಯ ಲೈಫ್ ಜಾಕೆಟ್ ಕೇಳಿ, ಬಕಲ್ ಹಾಕಿ ಎಳೆದು ನೋಡಿ. ಮೂಗಿಗೆ ರಪ್ಪನೆ ಬಡಿಯುವ ಕ್ಲೋರಿನ್ ವಾಸನೆಯನ್ನು ನಮ್ಮಲ್ಲಿ ಅನೇಕರು ಶುಚಿತ್ವದ ಗುರುತು ಎಂದುಕೊಳ್ಳುತ್ತಾರೆ. ಬೆವರು, ಮೂತ್ರದ ಜತೆ ಕ್ಲೋರಿನ್ ಸೇರಿ ಹುಟ್ಟುವ ಕ್ಲೋರಮೈನ್‌ಗಳ ವಾಸನೆ ಅದು. ಕಣ್ಣು ಉರಿಸುವುದೂ ಅವೇ. ಚೆನ್ನಾಗಿ ನೋಡಿಕೊಂಡ ಕೊಳದಲ್ಲಿ ವಾಸನೆ ಅಷ್ಟಾಗಿ ಇರುವುದಿಲ್ಲ.

ದಿನದ ವಿಷಯಕ್ಕೆ ಬಂದರೆ, ರಜೆ ಸಿಗುವುದಾದರೆ ಮಂಗಳವಾರ, ಬುಧವಾರ ಅಥವಾ ಗುರುವಾರ ಹೋಗಿ. ಟಿಕೆಟ್ ದರವೂ ವಾರಾಂತ್ಯಕ್ಕಿಂತ ಸಾಮಾನ್ಯವಾಗಿ ಕಡಿಮೆ. ಏಪ್ರಿಲ್ ಮಧ್ಯದಿಂದ ಮೇ ಕೊನೆಯವರೆಗೆ ಶಾಲೆಗಳಿಗೆ ರಜೆ, ಆಗ ವಾರದ ಯಾವ ದಿನವೂ ಖಾಲಿಯಿರುವುದಿಲ್ಲ. ಶಾಲೆಗೆ ಹೋಗದ ಚಿಕ್ಕ ಮಕ್ಕಳಿರುವ ಮನೆಗೆ ಫೆಬ್ರವರಿ ಅತ್ಯುತ್ತಮ. ಬಿಸಿಲು ಏರಿರುತ್ತದೆ, ದೊಡ್ಡ ಮಕ್ಕಳಿಗೆಲ್ಲ ಪರೀಕ್ಷೆ ಹತ್ತಿರವಿರುತ್ತದೆ. ಡಿಸೆಂಬರ್, ಜನವರಿಯಲ್ಲಿ ಬೆಂಗಳೂರು, ಮೈಸೂರು ಕಡೆಯ ನೀರು ತಣ್ಣಗಿರುತ್ತದೆ, ಪುಟ್ಟ ಮಕ್ಕಳು ಅರ್ಧ ಗಂಟೆಗೇ ನಡುಗುತ್ತವೆ. ಕರಾವಳಿಯವರು ಜೂನ್ ಬರುವ ಮೊದಲೇ ಹೋಗಿಬರುವುದು ಒಳ್ಳೆಯದು.

ದಿನಾಂಕ ಗೊತ್ತುಮಾಡುವ ಮೊದಲು ಮನೆಯ ಹೆಣ್ಣುಮಕ್ಕಳನ್ನು ಕೇಳಿ. ಟಿಕೆಟ್ ಬುಕ್ ಮಾಡಿದ ಮೇಲೆ ‘ಆ ದಿನ ನನಗಾಗುವುದಿಲ್ಲ’ ಎಂದು ಹೇಳಲು ಎಷ್ಟೋ ಮನೆಗಳಲ್ಲಿ ಸಂಕೋಚವಿದೆ. ಹೇಳದೆ ಬಂದು ನೆರಳಿನಲ್ಲಿ ಕೂತುಬಿಡುತ್ತಾರೆ. ಮುಟ್ಟಿನ ದಿನಗಳನ್ನು ನೋಡಿಕೊಂಡು ತಾರೀಕು ಹಾಕುವುದರಲ್ಲಿ ನಾಚಿಕೆಯ ಮಾತೇನೂ ಇಲ್ಲ. ಆ ದಿನಗಳಲ್ಲೂ ನೀರಿಗಿಳಿಯಬೇಕೆನ್ನುವವರಿಗೆ ಒಳಗಿಟ್ಟುಕೊಳ್ಳುವ ಮೆನ್‌ಸ್ಟ್ರುಯಲ್ ಕಪ್, ಟ್ಯಾಂಪೂನ್ ಇವೆ, ಪ್ಯಾಡ್ ಮಾತ್ರ ನೀರಿನಲ್ಲಿ ಉಪಯೋಗಕ್ಕೆ ಬರುವುದಿಲ್ಲ.

ಮಕ್ಕಳ ಟಿಕೆಟ್ ಅನೇಕ ಪಾರ್ಕ್‌ಗಳಲ್ಲಿ ಎತ್ತರ ನೋಡಿ ಕೊಡುವುದು, ವಯಸ್ಸು ಕೇಳುವುದಿಲ್ಲ. ಮನೆಯಲ್ಲೇ ಗೋಡೆಗೆ ನಿಲ್ಲಿಸಿ ಅಳೆದುಕೊಳ್ಳಿ. ಯಾವ ಸ್ಲೈಡ್‌ಗೆ ಬಿಡುತ್ತಾರೆ ಎನ್ನುವುದೂ ಅದೇ ಅಳತೆಯ ಮೇಲೆ. ‘ಇದು ನಿನಗೆ ಮುಂದಿನ ವರ್ಷ ಪುಟ್ಟಾ’ ಎಂದು ಮನೆಯಲ್ಲಿ ಹೇಳಿದರೆ ಮಗು ಒಪ್ಪುತ್ತದೆ. ಮುಕ್ಕಾಲು ಗಂಟೆ ಸಾಲಿನಲ್ಲಿ ನಿಂತು ಮೇಲೆ ಹತ್ತಿದ ಮೇಲೆ ಹೇಳಿದರೆ ಒಪ್ಪುವುದಿಲ್ಲ.

ಬಟ್ಟೆ: ದಿನದ ಅರ್ಧ ಗೆಲುವು ಇಲ್ಲೇ

ದೊಡ್ಡ ಪಾರ್ಕ್‌ಗಳು ಹತ್ತಿ ಬಟ್ಟೆಯಲ್ಲಿ ನೀರಿಗೆ ಬಿಡುವುದಿಲ್ಲ. ಸೀರೆ, ಚೂಡಿದಾರ, ಜೀನ್ಸ್, ಲುಂಗಿ, ಬನಿಯನ್ ಯಾವುದೂ ನಡೆಯುವುದಿಲ್ಲ. ನೈಲಾನ್, ಲೈಕ್ರಾ, ಪಾಲಿಯೆಸ್ಟರ್ ಬಟ್ಟೆ ಬೇಕು. ಕಾರಣಗಳು ಸರಿಯಾಗಿಯೇ ಇವೆ. ಹತ್ತಿ ನೀರು ಕುಡಿದು ಭಾರವಾಗಿ ಈಜುವವರನ್ನು ಕೆಳಗೆಳೆಯುತ್ತದೆ, ಅದರ ಎಳೆಗಳು ಬಿಟ್ಟು ಫಿಲ್ಟರ್‌ನಲ್ಲಿ ಕೂರುತ್ತವೆ, ಸ್ಲೈಡ್‌ನಲ್ಲಿ ಜಾರುವುದನ್ನು ತಡೆದು ಮಧ್ಯದಲ್ಲೇ ನಿಲ್ಲಿಸುತ್ತದೆ. ಹಾಗೆ ನಿಂತವರಿಗೆ ಹಿಂದಿನಿಂದ ಬಂದವರು ಬಡಿಯುತ್ತಾರೆ. ದುಪಟ್ಟಾ, ಸೆರಗು ಕುತ್ತಿಗೆಗೆ ಸುತ್ತಿಕೊಳ್ಳುವ ಅಪಾಯ ಬೇರೆ. ಲೋಹದ ಜಿಪ್, ಗುಂಡಿಗಳು ಸ್ಲೈಡ್‌ನ ಫೈಬರ್ ಮೈಯನ್ನು ಗೀರುತ್ತವೆ.

ಇದು ಗೊತ್ತಿಲ್ಲದೆ ಬಂದ ಹೆಂಗಸರಿಗೆ ಕೌಂಟರ್‌ನಲ್ಲಿ ಸಿಗುವುದು ಆ ಹೊತ್ತಿಗೆ ಉಳಿದ ಅಳತೆಯ ಕಾಸ್ಟ್ಯೂಮ್. ಬಿಗಿಯಾಗಿರುತ್ತದೆ, ಅಥವಾ ಮೊಣಕಾಲ ಮೇಲಿರುತ್ತದೆ, ಮಾವನವರ ಎದುರು ಹಾಕಿಕೊಳ್ಳಲು ಮುಜುಗರ. ‘ನೀವೆಲ್ಲ ಹೋಗಿ, ನಾನು ಇಲ್ಲೇ ಇರ್ತೀನಿ’ ಎನ್ನುವ ಮಾತು ಹುಟ್ಟುವುದೇ ಅಲ್ಲಿ.

ಹಾಗಾಗಿ ಹದಿನೈದು ದಿನ ಮೊದಲೇ ಮನೆಯಲ್ಲಿ ಎಲ್ಲರಿಗೂ ಕಾಸ್ಟ್ಯೂಮ್ ತನ್ನಿ, ಪಟ್ಟಿಯಲ್ಲಿ ಮೊದಲ ಹೆಸರು ಅಮ್ಮನದಿರಲಿ. ಉದ್ದ ತೋಳು, ಕಣಕಾಲವರೆಗಿನ ಲೆಗ್ಗಿಂಗ್, ಮೇಲೆ ಮಂಡಿಯವರೆಗೆ ಬರುವ ಫ್ರಾಕಿನಂಥ ಹೊದಿಕೆ ಇರುವ ಈಜುಡುಗೆಗಳು ಆನ್‌ಲೈನ್‌ನಲ್ಲೂ ಕ್ರೀಡಾ ಸಾಮಗ್ರಿ ಅಂಗಡಿಗಳಲ್ಲೂ ಸಿಗುತ್ತವೆ. ದಪ್ಪನೆಯ, ಗಾಢ ಬಣ್ಣದ್ದನ್ನು ಆರಿಸಿದರೆ ಒದ್ದೆಯಾದ ಮೇಲೂ ಮೈ ಕಾಣುವುದಿಲ್ಲ. ತಂದ ಮೇಲೆ ಮನೆಯ ಬಚ್ಚಲಲ್ಲಿ ಒಮ್ಮೆ ಹಾಕಿ, ನೀರು ಹುಯ್ದುಕೊಂಡು, ಕೈಯೆತ್ತಿ, ಬಗ್ಗಿ ನೋಡಲಿ. ತನ್ನದೇ ಬಟ್ಟೆಯೆಂಬ ಧೈರ್ಯ ಅಲ್ಲಿ ಬಂದರೆ ಪಾರ್ಕ್‌ನಲ್ಲಿ ಅಂಜಿಕೆ ಇರುವುದಿಲ್ಲ. ಮೈಮುಚ್ಚುವ ಬಟ್ಟೆ ಬಿಸಿಲಿಗೂ ಒಳ್ಳೆಯದು, ಗಂಡಸರೂ ಮಕ್ಕಳೂ ಅದನ್ನೇ ಹಾಕಲಿ ಎನ್ನುತ್ತೇನೆ.

ಮಕ್ಕಳ ಈಜುಡುಗೆಗೆ ನೀಲಿ, ಬಿಳಿ, ಬೂದು ಬೇಡ. ಕೊಳದ ನೀಲಿ ತಳದಲ್ಲಿ ಆ ಬಣ್ಣಗಳು ಕರಗಿಹೋಗುತ್ತವೆ. ಕಣ್ಣು ಕುಕ್ಕುವ ಕಿತ್ತಳೆ, ಗುಲಾಬಿ ನೀರಿನಡಿಯೂ ಕಾಣುತ್ತವೆ. ಪುಟ್ಟ ಮಕ್ಕಳಿಗೆ ಈಜಿಗೆಂದೇ ಇರುವ ಡೈಪರ್ ಹಾಕಿ, ಮಾಮೂಲಿ ಡೈಪರ್ ನೀರಿನಲ್ಲಿ ಉಬ್ಬಿ ಜೋತುಬೀಳುತ್ತದೆ.

ಒಡವೆಯ ಮಾತನ್ನು ಹಿಂದಿನ ದಿನವೇ ಮುಗಿಸಿ. ಬಳೆ, ಓಲೆ, ಸರ, ಕಾಲ್ಗೆಜ್ಜೆ ಮನೆಯಲ್ಲಿರಲಿ. ಕಾಲುಂಗುರ ಜಾರಿ ಕಳೆದುಹೋಗಬಹುದು, ಸ್ಲೈಡ್‌ನಲ್ಲಿ ಇನ್ನೊಬ್ಬರಿಗೆ ತಗುಲಿ ಗೀರಬಹುದು, ಕ್ಲೋರಿನ್ ನೀರಿಗೆ ಬೆಳ್ಳಿ ಕಪ್ಪಾಗುತ್ತದೆ. ಮಾಂಗಲ್ಯ ತೆಗೆಯುವುದಕ್ಕೆ ಮನಸ್ಸಾಗದಿದ್ದರೆ ಅದನ್ನು ಗೌರವಿಸಿ. ಅಂಥವರು ನಿಧಾನ ಹರಿಯುವ ಲೇಜಿ ರಿವರ್, ಆಳವಿಲ್ಲದ ಕೊಳಗಳಲ್ಲಿ ಸರವನ್ನು ಬಟ್ಟೆಯೊಳಗೆ ಹಾಕಿಕೊಂಡು ಆಡಬಹುದು. ವೇಗದ ಸ್ಲೈಡ್‌ಗೆ ಮಾತ್ರ ಕೊರಳಲ್ಲಿ ದಾರವೂ ಇರಬಾರದು. ಅತ್ತೆ-ಸೊಸೆ ಇದನ್ನು ಮನೆಯಲ್ಲೇ ಮಾತಾಡಿಕೊಂಡರೆ ಲಾಕರ್ ಮುಂದೆ ಇರಿಸುಮುರಿಸು ಆಗುವುದಿಲ್ಲ.

ಬೆಳಿಗ್ಗೆ ತಲೆಗೆ ಎಣ್ಣೆ ಹಚ್ಚಬೇಡಿ. ಎಣ್ಣೆ ಕೊಳಕ್ಕಿಳಿದು ಕ್ಲೋರಿನ್ನಿನ ಬಲವನ್ನು ಕುಗ್ಗಿಸುತ್ತದೆ, ಫಿಲ್ಟರ್‌ಗೆ ಅಂಟುತ್ತದೆ. ಬದಲಿಗೆ ನೀರಿಗಿಳಿಯುವ ಮೊದಲು ಶವರ್‌ನಲ್ಲಿ ತಲೆಯನ್ನು ಪೂರ್ತಿ ನೆನೆಸಿ. ಒಮ್ಮೆ ಒಳ್ಳೆಯ ನೀರು ಕುಡಿದ ಕೂದಲು ಕ್ಲೋರಿನ್ ನೀರನ್ನು ಅಷ್ಟು ಹೀರುವುದಿಲ್ಲ. ಆಮೇಲೆ ಜಡೆ ಹೆಣೆದು ಈಜು ಟೋಪಿ ಹಾಕಿ. ಕಾಂಟ್ಯಾಕ್ಟ್ ಲೆನ್ಸ್ ಹಾಕಿಕೊಂಡು ಯಾರೂ ನೀರಿಗಿಳಿಯಬೇಡಿ, ಕಣ್ಣಿಗೆ ಗಂಭೀರ ಸೋಂಕಾಗಬಹುದು.

ಚೀಲ

ಒಬ್ಬೊಬ್ಬರಿಗೆ ಒಂದು ಜೊತೆ ಒಣ ಬಟ್ಟೆ, ಒಳ ಉಡುಪು ಸಮೇತ, ಬೇರೆ ಬೇರೆ ಪ್ಲಾಸ್ಟಿಕ್ ಚೀಲದಲ್ಲಿ ಹೆಸರು ಬರೆದು ಕಟ್ಟಿ. ಬಟ್ಟೆ ಬದಲಿಸುವ ಕೋಣೆಯಲ್ಲಿ ಒಟ್ಟು ರಾಶಿಯಿಂದ ಹುಡುಕುವ ಕಷ್ಟ ತಪ್ಪುತ್ತದೆ. ಎಸ್‌ಪಿಎಫ್ 30ಕ್ಕೆ ಕಡಿಮೆಯಿಲ್ಲದ, ನೀರು ತಡೆಯುವ ಸನ್‌ಸ್ಕ್ರೀನ್, ಒಆರ್‌ಎಸ್ ಪೊಟ್ಟಣಗಳು, ರಬ್ಬರ್ ಚಪ್ಪಲಿ, ಬ್ಯಾಂಡೇಜ್, ದಿನವೂ ತೆಗೆದುಕೊಳ್ಳುವ ಮಾತ್ರೆಗಳು, ಒದ್ದೆ ಬಟ್ಟೆಗೊಂದು ದೊಡ್ಡ ಚೀಲ. ಇಷ್ಟು ಸಾಕು. ಹೊರಗಿನ ಊಟ ತಿಂಡಿಯನ್ನು ಬಹುತೇಕ ಪಾರ್ಕ್‌ಗಳು ಒಳಗೆ ಬಿಡುವುದಿಲ್ಲ. ಕೂಸಿನ ಆಹಾರಕ್ಕೆ ಸಾಮಾನ್ಯವಾಗಿ ಅಡ್ಡಿಯಿರುವುದಿಲ್ಲ, ಆದರೂ ಫೋನ್ ಮಾಡಿ ಕೇಳಿಕೊಳ್ಳಿ.

ಮನೆಯಲ್ಲಿ ಯಾರಿಗಾದರೂ ಭೇದಿ ಇದ್ದರೆ, ಒಂದೆರಡು ದಿನದ ಹಿಂದಷ್ಟೇ ನಿಂತಿದ್ದರೂ, ಹೋಗುವುದನ್ನು ಮುಂದೂಡಿ. ಹಣ ಹೋದರೆ ಹೋಗಲಿ. ಭೇದಿ ತರುವ ಕ್ರಿಪ್ಟೋಸ್ಪೊರಿಡಿಯಂ ಎಂಬ ಪರಾವಲಂಬಿ ಸರಿಯಾಗಿ ಕ್ಲೋರಿನ್ ಹಾಕಿದ ನೀರಿನಲ್ಲೂ ಒಂದು ವಾರಕ್ಕಿಂತ ಹೆಚ್ಚು ದಿನ ಬದುಕಿರುತ್ತದೆ. ನಮ್ಮ ಒಂದು ಮಗುವಿನಿಂದ ಕೊಳದಲ್ಲಿರುವ ಎಷ್ಟೋ ಮಕ್ಕಳು ಮಲಗಬಹುದು.

ದಾರಿ, ತಿಂಡಿ

ಬೆಂಗಳೂರಿನಿಂದ ಬಿಡದಿ ಕಡೆಗೆ ಹೋಗುವವರು ಎಕ್ಸ್‌ಪ್ರೆಸ್‌ವೇ ಏರುವುದೋ ಸರ್ವಿಸ್ ರಸ್ತೆ ಹಿಡಿಯುವುದೋ ಮೊದಲೇ ತೀರ್ಮಾನಿಸಿ, ಮಧ್ಯದಲ್ಲಿ ಬೇಕೆಂದಲ್ಲಿ ಇಳಿಯಲು ಆಗುವುದಿಲ್ಲ. ಬೈಕ್, ಆಟೊಗಳಿಗೆ 2023ರ ಆಗಸ್ಟ್‌ನಿಂದ ಮುಖ್ಯ ಪಥದಲ್ಲಿ ಪ್ರವೇಶವಿಲ್ಲ. ಗಾಡಿ ಇಲ್ಲದವರಿಗೆ ನೇರಳೆ ಮಾರ್ಗದ ಮೆಟ್ರೊ ಚಲ್ಲಘಟ್ಟದವರೆಗೆ ಇದೆ, ಅಲ್ಲಿಂದ ಮುಂದೆ ಬಸ್ಸೋ ಆಟೊವೋ ಹಿಡಿಯಬೇಕು.

ತಿಂಡಿಯನ್ನು ಒಳಗೆ ಹೋಗುವ ಮೊದಲೇ ಮುಗಿಸಿ. ಆ ರಸ್ತೆಯಲ್ಲಿ ಹೋಗುವವರಿಗೆ ಬಿಡದಿಯ ತಟ್ಟೆ ಇಡ್ಲಿ ಬಿಟ್ಟು ಬೇರೆ ಸಲಹೆ ಕೊಡಲಾರೆ. ಎಣ್ಣೆಯಿಲ್ಲ, ಹೊಟ್ಟೆಗೆ ಹಗುರ, ಮಧ್ಯಾಹ್ನದವರೆಗೆ ತಡೆಯುತ್ತದೆ. ಮೈಸೂರಿಗೆ ಹೋಗುವವರಿಗೆ ಒಂದು ಮಾತು: ಬಂದಿದ್ದೇವಲ್ಲ ಎಂದು ಅದೇ ದಿನ ಮೃಗಾಲಯ, ಅರಮನೆ, ಬೃಂದಾವನ ಎಲ್ಲ ಸೇರಿಸಬೇಡಿ. ನೀರಿನಲ್ಲಿ ದಣಿದ ಮಕ್ಕಳನ್ನು ಸಂಜೆ ಕಾರಂಜಿಯ ಮುಂದೆ ನಿಲ್ಲಿಸಿದರೆ ಅವು ನಿಂತಲ್ಲೇ ತೂಕಡಿಸುತ್ತವೆ.

ಒಳಗೆ ಹೋದ ಮೊದಲ ಅರ್ಧ ಗಂಟೆ

ಗೇಟು ತೆರೆಯುವ ಹೊತ್ತಿಗೆ ಅಲ್ಲಿರಿ. ಮೊದಲ ಕೆಲಸ ಲಾಕರ್. ಎರಡು ಮನೆಯವರು ಹೋಗಿದ್ದರೆ ಎರಡು ತೆಗೆದುಕೊಳ್ಳಿ. ಬಾಡಿಗೆ ಉಳಿಸಲು ಹೋಗಿ ಒಬ್ಬರನ್ನು ಇಡೀ ದಿನ ಕಾವಲಿಗೆ ಕೂರಿಸುವುದು ನಷ್ಟದ ವ್ಯವಹಾರ. ಉಳಿದ ಮೊಬೈಲ್‌ಗಳೆಲ್ಲ ಒಳಗಿರಲಿ, ಫೋಟೊಗೂ ಕರೆಗೂ ನೀರು ಹೋಗದ ಕವರ್ ಹಾಕಿದ ಒಂದು ಫೋನ್ ಮಾತ್ರ ಹೊರಗಿರಲಿ.

ಸನ್‌ಸ್ಕ್ರೀನ್ ಹಚ್ಚಿ ಕಾಲು ಗಂಟೆ ಬಿಟ್ಟು ನೀರಿಗಿಳಿಯಬೇಕು, ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ಕಿವಿಯ ತುದಿ, ಪಾದದ ಮೇಲ್ಭಾಗ, ಕತ್ತಿನ ಹಿಂಭಾಗವನ್ನು ಎಲ್ಲರೂ ಮರೆಯುತ್ತಾರೆ.

ಮಕ್ಕಳ ತೋಳಿನ ಮೇಲೆ ಹೊರಗಿಟ್ಟುಕೊಂಡ ಆ ಫೋನಿನ ನಂಬರನ್ನು ಅಳಿಸದ ಮಾರ್ಕರ್‌ನಲ್ಲಿ ಬರೆಯಿರಿ. ಈಜುಡುಗೆ ಹಾಕಿದ ಮೇಲೆ ಒಂದು ಫೋಟೊ ತೆಗೆದಿಟ್ಟುಕೊಳ್ಳಿ. ಮಗು ಕಣ್ಮರೆಯಾದರೆ ಸಿಬ್ಬಂದಿಗೆ ತೋರಿಸಲು ಅಂದಿನ ಬಟ್ಟೆಯ ಚಿತ್ರವೇ ಬೇಕು. ದೂರದಿಂದಲೂ ಕಾಣುವ ಒಂದು ಜಾಗ ತೋರಿಸಿ ‘ಕಳೆದುಹೋದರೆ ಇಲ್ಲಿಗೆ ಬಾ, ಕೊರಳಲ್ಲಿ ಸೀಟಿ ಹಾಕಿಕೊಂಡ ಮಾಮನಿಗೆ ಹೇಳು’ ಎಂದು ಕಲಿಸಿ, ಮಗುವಿನಿಂದ ಒಮ್ಮೆ ಹೇಳಿಸಿ. ಮಗು ಸಿಗದಿದ್ದಾಗ ನೀವು ಮೊದಲು ಹುಡುಕಬೇಕಾದ್ದು ನೀರಿನಲ್ಲಿ, ಐಸ್‌ಕ್ರೀಂ ಅಂಗಡಿಯಲ್ಲಿ ಆಮೇಲೆ.

ಕಣ್ಣಿಡುವ ಪಾಳಿ

ಈ ಲೇಖನದಲ್ಲಿ ಒಂದೇ ಒಂದು ಭಾಗ ಓದುವ ಪುರುಸೊತ್ತಿದ್ದರೆ ಇದನ್ನು ಓದಿ. ಮುಳುಗುವ ಮಗು ಕೂಗುವುದಿಲ್ಲ. ಕೈಬೀಸಿ ಕರೆಯುವುದಿಲ್ಲ. ಉಸಿರಿಗೇ ದಾರಿಯಿಲ್ಲದಾಗ ದನಿ ಹೊರಡುವುದಾದರೂ ಹೇಗೆ? ಮೈ ನೆಟ್ಟಗೆ ನಿಂತಂತಿರುತ್ತದೆ, ತಲೆ ಹಿಂದಕ್ಕೆ ವಾಲಿರುತ್ತದೆ, ಬಾಯಿ ನೀರಿನ ಮಟ್ಟದಲ್ಲಿ ಮುಳುಗೇಳುತ್ತದೆ, ಕೈಗಳು ನೀರನ್ನು ಕೆಳಕ್ಕೆ ಒತ್ತುತ್ತಿರುತ್ತವೆ. ನೋಡಿದವರಿಗೆ ಆಡುತ್ತಿದೆ ಎನಿಸಬಹುದು. ನಿಮಿಷದೊಳಗೆ ಮುಗಿದುಹೋಗುತ್ತದೆ. ಮಂಡಿಯುದ್ದದ ನೀರೂ ಎರಡು ವರ್ಷದ ಮಗುವಿಗೆ ಸಾಕು.

ಆರು ಜನ ದೊಡ್ಡವರು ಸುತ್ತಲಿದ್ದಾಗಲೇ ಅಪಾಯ ಹೆಚ್ಚು. ಅತ್ತಿಗೆ ನೋಡುತ್ತಿದ್ದಾಳೆಂದು ಅಣ್ಣ, ಅಣ್ಣ ನೋಡುತ್ತಿದ್ದಾನೆಂದು ಅತ್ತಿಗೆ ಸುಮ್ಮನಿರುತ್ತಾರೆ. ಆದ್ದರಿಂದ ಪಾಳಿ ಮಾಡಿ. ಒಂದು ಹೊತ್ತಿಗೆ ಒಬ್ಬರು, ಹದಿನೈದು ಇಪ್ಪತ್ತು ನಿಮಿಷ. ಆ ಹೊತ್ತಿನಲ್ಲಿ ಅವರಿಗೆ ಹರಟೆಯಿಲ್ಲ, ಫೋನಿಲ್ಲ. ಕೈಗೊಂದು ಬಣ್ಣದ ರಿಬ್ಬನ್ ಕಟ್ಟಿಕೊಳ್ಳಲಿ. ಪಾಳಿ ಮುಗಿದಾಗ ರಿಬ್ಬನ್ ಬಿಚ್ಚಿ ಮುಂದಿನವರ ಕೈಗೆ ಕಟ್ಟಿ ‘ಈಗ ನಿನ್ನ ಪಾಳಿ’ ಎಂದು ಬಾಯಿಬಿಟ್ಟು ಹೇಳಬೇಕು, ಅವರು ‘ಸರಿ’ ಎನ್ನಬೇಕು. ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಕಣ್ಣಷ್ಟೇ ಸಾಲದು, ಕೈಚಾಚಿದರೆ ಸಿಗುವ ಅಂತರದಲ್ಲಿ ದೊಡ್ಡವರೊಬ್ಬರು ನೀರೊಳಗೇ ಇರಬೇಕು. ಗಾಳಿ ತುಂಬಿದ ತೋಳಪಟ್ಟಿ, ಟ್ಯೂಬ್‌ಗಳು ಆಟಿಕೆಗಳು. ಜೀವ ಕಾಯಲು ಲೈಫ್ ಜಾಕೆಟ್ ಬೇಕು.

ಪಾಳಿಯಲ್ಲಿ ಅಪ್ಪ, ಚಿಕ್ಕಪ್ಪ, ಮಾವ ಎಲ್ಲರ ಹೆಸರೂ ಇರಲಿ. ಮಗುವನ್ನು ನೋಡುವುದು ತಾಯಿಯ ಕೆಲಸ ಎಂದು ಬಿಟ್ಟರೆ ಮತ್ತೆ ಅವಳು ನೆರಳಿನ ಸಾಲಿಗೇ ಹೋಗುತ್ತಾಳೆ. ತಂದೆ ಒಂದು ಗಂಟೆ ಮಕ್ಕಳ ಕೊಳದಲ್ಲಿ ನಿಂತರೆ ತಾಯಿ ಮೂರು ಸ್ಲೈಡ್ ಇಳಿದು ಬರಬಹುದು.

ಅಲೆ, ಸ್ಲೈಡ್

ವೇವ್ ಪೂಲ್‌ನಲ್ಲಿ ಅಲೆ ಶುರುವಾಗುವ ಮೊದಲು ಸೈರನ್ ಕೂಗುತ್ತದೆ, ಕೂಡಲೇ ಜನ ಆಳದ ಕಡೆಗೆ ನುಗ್ಗುತ್ತಾರೆ. ಮಕ್ಕಳಿರುವವರು ಆಗ ಆಳವಿಲ್ಲದ ಕಡೆ, ಜನ ಕಡಿಮೆಯಿರುವಲ್ಲಿ ಉಳಿಯಲಿ. ಮಗುವಿನ ಬೆರಳು ಹಿಡಿದರೆ ಅಲೆ ಕಿತ್ತುಕೊಂಡು ಹೋಗುತ್ತದೆ, ಕಂಕುಳಿಗೆ ಕೈಹಾಕಿ ಹಿಡಿಯಿರಿ, ಇಬ್ಬರ ಮುಖವೂ ಅಲೆಯ ಕಡೆಗಿರಲಿ. ಅಲೆ ಬೆನ್ನಿಗೆ ಬಡಿದಾಗ ಮಗು ಮುಗ್ಗರಿಸುತ್ತದೆ.

ಸ್ಲೈಡ್‌ನಲ್ಲಿ ಕಾಲು ಮುಂದೆ, ಬೆನ್ನ ಮೇಲೆ, ಕೈ ಎದೆಗೆ ಅಡ್ಡ. ಕೆಳಗೆ ಬಿದ್ದ ಕೂಡಲೇ ಪಕ್ಕಕ್ಕೆ ಸರಿಯಬೇಕು. ಮಗುವನ್ನು ಮಡಿಲಲ್ಲಿ ಕೂರಿಸಿಕೊಂಡು ಇಳಿಯುವುದನ್ನು ಸಿಬ್ಬಂದಿ ತಡೆದರೆ ವಾದಿಸಬೇಡಿ, ದೊಡ್ಡವರ ಭಾರಕ್ಕೆ ಸಿಕ್ಕಿ ಮಗುವಿನ ಕಾಲು ತಿರುಚಿಕೊಳ್ಳಬಹುದು. ಬಸುರಿಯರು, ಹೃದಯದ ತೊಂದರೆ ಇರುವವರು, ಬೆನ್ನು ಕತ್ತಿನ ನೋವಿರುವವರು, ಇತ್ತೀಚೆಗೆ ಆಪರೇಷನ್ ಆದವರು ವೇಗದ ಸ್ಲೈಡ್ ಹತ್ತಬಾರದು. ಮೂರ್ಛೆ ರೋಗವಿದ್ದವರು ವೈದ್ಯರನ್ನು ಕೇಳದೆ ನೀರಿಗಿಳಿಯಬಾರದು, ಇಳಿದರೂ ಪಕ್ಕದಲ್ಲೊಬ್ಬರು ಇರಲೇಬೇಕು.

ಅಜ್ಜ, ಅಜ್ಜಿ

ಅವರನ್ನೂ ಕರೆದೊಯ್ಯಿರಿ. ನಿಧಾನ ಹರಿಯುವ ಲೇಜಿ ರಿವರ್‌ನಲ್ಲಿ ಟ್ಯೂಬ್ ಮೇಲೆ ಕೂತು ಸಾಗುವುದು ಹಿರಿಯರಿಗೂ ಹಿಡಿಸುತ್ತದೆ. ಹತ್ತಿ ಇಳಿಯುವಾಗ ಇಬ್ಬರು ಹಿಡಿದುಕೊಳ್ಳಬೇಕು, ನೆಲ ಜಾರುತ್ತದೆ. ಸಕ್ಕರೆ ಕಾಯಿಲೆಯವರ ಪಾದದ ಬಗ್ಗೆ ವಿಶೇಷ ಎಚ್ಚರ ಬೇಕು. ಏಪ್ರಿಲ್ ಮಧ್ಯಾಹ್ನ ಕಾಂಕ್ರೀಟ್ ನೆಲ ಕಾದ ಹಂಚಾಗಿರುತ್ತದೆ. ಕಾಯಿಲೆಯಿಂದ ಪಾದದ ಸ್ಪರ್ಶ ಕಳೆದುಕೊಂಡವರಿಗೆ ಸುಡುವುದು ಗೊತ್ತೇ ಆಗುವುದಿಲ್ಲ, ಸಂಜೆ ಬೊಬ್ಬೆ ಎದ್ದಾಗಲೇ ತಿಳಿಯುವುದು. ಕೊಳದ ಅಂಚಿನವರೆಗೂ ಚಪ್ಪಲಿ ಹಾಕಿಸಿ, ಮನೆಗೆ ಬಂದ ಮೇಲೆ ಪಾದ ನೋಡಿ. ಇನ್ಸುಲಿನ್ ಇದ್ದರೆ ತಂಪು ಚೀಲದಲ್ಲಿರಲಿ, ಬಿಸಿಲಲ್ಲಿ ನಿಲ್ಲಿಸಿದ ಕಾರಿನಲ್ಲಿ ಬಿಡಬೇಡಿ.

ಊಟ, ನೀರು, ಮೋಡ

ಒಂದೂವರೆಗೆ ಎಲ್ಲರೂ ಊಟಕ್ಕೆ ನುಗ್ಗುತ್ತಾರೆ. ಹನ್ನೆರಡೂವರೆಗೇ ಉಂಡರೆ ಆ ಹೊತ್ತಿನಲ್ಲಿ ಸ್ಲೈಡ್‌ಗಳ ಸಾಲು ನಿಮಗೆ ಖಾಲಿ ಸಿಗುತ್ತದೆ. ಗಿರಗಿರ ತಿರುಗಿಸುವ ಆಟಗಳನ್ನು ಮಾತ್ರ ಊಟವಾದ ಕೂಡಲೇ ಬೇಡ. ನೀರಿನಲ್ಲಿದ್ದಾಗ ಬೆವರುವುದು ಗೊತ್ತಾಗುವುದಿಲ್ಲ, ಬಾಯಾರಿಕೆಯೂ ತಡವಾಗಿ ಬರುತ್ತದೆ. ಗಂಟೆಗೊಮ್ಮೆ ಮಕ್ಕಳನ್ನು ಹೊರಗೆ ಕರೆದು ನೀರು ಕುಡಿಸಿ, ಹಾಗೆಯೇ ಶೌಚಾಲಯಕ್ಕೂ ಕರೆದೊಯ್ಯಿರಿ. ಕೊಳದ ನೀರು ಶುಚಿಯಾಗಿರುವುದು ಪಾರ್ಕ್‌ನವರ ಕ್ಲೋರಿನ್‌ನಿಂದ ಎಷ್ಟೋ, ನಮ್ಮ ಈ ಅಭ್ಯಾಸದಿಂದಲೂ ಅಷ್ಟೇ.

ಏಪ್ರಿಲ್, ಮೇ ತಿಂಗಳಲ್ಲಿ ಹಳೆ ಮೈಸೂರು ಕಡೆ ಮಧ್ಯಾಹ್ನ ಮೂರರ ಮೇಲೆ ಮೋಡ ಕಟ್ಟಿ ಗುಡುಗು ಮಳೆ ಬರುವುದು ಸಾಮಾನ್ಯ. ಗುಡುಗು ಕೇಳಿದೊಡನೆ ನೀರಿನಿಂದ ಹೊರಬಂದು ಕಟ್ಟಡದೊಳಗೆ ಹೋಗಿ. ಕೊನೆಯ ಗುಡುಗು ಕೇಳಿ ಅರ್ಧ ಗಂಟೆಯಾಗುವವರೆಗೆ ಮತ್ತೆ ಇಳಿಯಬೇಡಿ. ಅದಕ್ಕೇ ಬೇಸಿಗೆಯಲ್ಲಿ ತುಂಬ ಇಷ್ಟದ ನೀರಾಟವನ್ನು ಸಂಜೆಗೆಂದು ಉಳಿಸಿಕೊಳ್ಳಬಾರದು. ನೀರಿನ ಆಟಗಳು ಎಷ್ಟು ಹೊತ್ತಿಗೆ ಶುರುವೆಂದು ಗೇಟಿನಲ್ಲೇ ಕೇಳಿಕೊಂಡು, ಶುರುವಾದೊಡನೆ ಇಳಿಯಿರಿ.

ಹೊರಡುವ ಹೊತ್ತು, ಮರುದಿನ

ಮುಚ್ಚುವುದಕ್ಕೆ ಒಂದು ಗಂಟೆ ಮುಂಚೆಯೇ ನೀರು ಬಿಡಿ. ಕೊನೆಯ ಅರ್ಧ ಗಂಟೆಯಲ್ಲಿ ಬಟ್ಟೆ ಬದಲಿಸುವ ಕೋಣೆಗಳ ಮುಂದೆ, ಅದರಲ್ಲೂ ಹೆಂಗಸರ ಕಡೆ, ಉದ್ದ ಸಾಲಿರುತ್ತದೆ. ಎಲ್ಲರೂ ಸೋಪು ಹಚ್ಚಿ ಸ್ನಾನ ಮಾಡಿ, ತಲೆಗೆ ಶಾಂಪೂ ಹಾಕಿಕೊಳ್ಳಲಿ. ಕಿವಿಯಲ್ಲಿ ನೀರು ನಿಂತಿದ್ದರೆ ತಲೆ ವಾಲಿಸಿ ಹೊರಬರಲು ಬಿಡಿ, ಇಯರ್‌ಬಡ್ ತುರುಕಬೇಡಿ.

ಗಾಡಿ ಓಡಿಸುವವರು ಕೊನೆಯ ಒಂದು ಗಂಟೆ ನೆರಳಿನಲ್ಲಿ ಕಾಲುಚಾಚಿ ಮಲಗಲಿ. ಬಿಸಿಲು, ನೀರು ಎರಡೂ ಸೇರಿದ ದಣಿವು ನೇರ ರಸ್ತೆಯಲ್ಲಿ ನಿದ್ದೆಯಾಗಿ ಎರಗುತ್ತದೆ. ಓಡಿಸಬಲ್ಲ ಇನ್ನೊಬ್ಬರಿದ್ದರೆ ವಾಪಸ್ ಬರುವಾಗ ಅವರ ಕೈಗೆ ಕೀಲಿ ಕೊಡಿ.

ನೀರು ಕುಡಿದು ಕೆಮ್ಮಿದ ಮಗುವನ್ನು ಆ ರಾತ್ರಿ ಗಮನಿಸಿ. ಕೆಮ್ಮು ನಿಲ್ಲದಿದ್ದರೆ, ಉಸಿರಾಟ ಜೋರಾದರೆ, ಎಬ್ಬಿಸಿದರೂ ಮಂಪರಿನಲ್ಲೇ ಇದ್ದರೆ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಹೋಗಿ, ಆಂಬ್ಯುಲೆನ್ಸ್‌ಗೆ 108. ಒಂದೆರಡು ದಿನದ ಮೇಲೆ ಕಿವಿ ಮುಟ್ಟಿದರೆ ಮಗು ಅಳುತ್ತಿದ್ದರೆ, ಕಿವಿಯಿಂದ ನೀರು ಸುರಿದರೆ ವೈದ್ಯರಿಗೆ ತೋರಿಸಿ. ಕಾಯಿಸಿದ ಎಣ್ಣೆ ಬಿಡುವ ಮನೆಮದ್ದು ಇಲ್ಲಿ ಬೇಡ. ಕಾಸ್ಟ್ಯೂಮ್‌ಗಳನ್ನು ಅಂದೇ ಒಳ್ಳೆಯ ನೀರಿನಲ್ಲಿ ಜಾಲಿಸಿ ನೆರಳಿನಲ್ಲಿ ಒಣಹಾಕಿ, ಬಿಸಿಲಿಗೆ ಹಾಕಿದರೆ ಲೈಕ್ರಾ ಬೇಗ ಸಡಿಲವಾಗುತ್ತದೆ.